ಅಗ್ಗದ ಬೋರ್ಡು, ಗಟ್ಟಿ ಕಂಪ್ಯೂಟರ್

ಎಸ್.ಪಿ. ರಸ್ತೆಯ ಅಂಗಡಿಯೊಂದರ ಕೌಂಟರಿನ ಮೇಲೆ ಎರಡು ಡಬ್ಬಿಗಳಿದ್ದವು. ಒಂದರ ಬೆಲೆ ಸುಮಾರು 5 ಸಾವಿರ ರೂಪಾಯಿ, ಇನ್ನೊಂದರದು 14 ಸಾವಿರ. ಎರಡರೊಳಗೂ ಇದ್ದದ್ದು ಮದರ್‌ಬೋರ್ಡೇ. ಬಿಸಿಎ ಸೇರಿದ ಅಕ್ಕನ ಮಗಳಿಗೆ ಕಂಪ್ಯೂಟರ್ ಜೋಡಿಸಿಕೊಡಲು ಬೇಕಾದ ಸಾಮಾನು ಕೊಳ್ಳಲೆಂದು ಇಬ್ಬರೂ ಹಾಸನದಿಂದ ಬೆಂಗಳೂರಿಗೆ ಬಂದು, ಪುರಭವನದ ಹತ್ತಿರದ ಆ ಕಿಕ್ಕಿರಿದ ಬೀದಿಯಲ್ಲಿ ನಿಂತಿದ್ದೆವು. ಅವಳು ಎರಡೂ ಡಬ್ಬಿಗಳನ್ನು ತಿರುಗಿಸಿ ನೋಡಿ ಕೇಳಿದಳು: ‘ಮಾಮ, ಎರಡಕ್ಕೂ ಇದೇ ಪ್ರೊಸೆಸರ್ ಕೂರುತ್ತೆ ಅಂತಾರೆ. ಹಾಗಿದ್ರೆ ಈ 9 ಸಾವಿರ ಯಾವುದಕ್ಕೆ?’

ಕಂಪ್ಯೂಟರ್ ಕೊಳ್ಳುವ ಪ್ರತಿಯೊಬ್ಬರೂ ಕೇಳಬೇಕಾದ ಪ್ರಶ್ನೆ ಇದು. ಉತ್ತರ ತಿಳಿಯದ ಎಷ್ಟೋ ಮನೆಗಳವರು ಎಂದೂ ಬಳಸದ ಸೌಲಭ್ಯಕ್ಕೆ ದುಡ್ಡು ಸುರಿಯುತ್ತಾರೆ. ಇಲ್ಲವೇ ಉಳಿಸಬಾರದ ಕಡೆ ಉಳಿಸಿ ಎರಡೇ ವರ್ಷದಲ್ಲಿ ಯಂತ್ರ ಸುಟ್ಟುಕೊಳ್ಳುತ್ತಾರೆ. ಅವಳಿಗೆ ಊರಿಗೆ ಮರಳುವ ರೈಲಿನಲ್ಲಿ ಅರ್ಧ, ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡು ಉಳಿದರ್ಧ ಹೇಳಿದ್ದನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ಎಲ್ಲಿಯದೋ ಬೋರ್ಡು, ಎಲ್ಲಿಯದೋ ಡಬ್ಬ

ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸುವುದು ಸಾಧ್ಯವಾದದ್ದು ಐಬಿಎಂ ಕಂಪನಿಯ ಒಂದು ತೀರ್ಮಾನದಿಂದ. 1981ರ ಆಗಸ್ಟ್ 12ರಂದು ಅದು ತನ್ನ ಮೊದಲ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಎಲ್ಲ ಭಾಗಗಳನ್ನೂ ತಾನೇ ತಯಾರಿಸಲಿಲ್ಲ. ಪ್ರೊಸೆಸರ್ ಇಂಟೆಲ್‌ನದು, ಆಪರೇಟಿಂಗ್ ಸಿಸ್ಟಮ್ ಮೈಕ್ರೊಸಾಫ್ಟ್‌ನದು. ಬೇರೆಯವರ ಕಾರ್ಡ್‌ಗಳನ್ನು ಸಿಕ್ಕಿಸಲೆಂದು ಬೋರ್ಡಿನ ಮೇಲೆ ಸ್ಲಾಟ್‌ಗಳಿದ್ದವು. ನೋಡನೋಡುತ್ತಲೇ ಉಳಿದ ಕಂಪನಿಗಳೂ ಅದೇ ಮಾದರಿಯ ಯಂತ್ರಗಳನ್ನು ತಯಾರಿಸತೊಡಗಿದವು.

1995ರಲ್ಲಿ ಇಂಟೆಲ್ ‘ಎಟಿಎಕ್ಸ್’ ಎಂಬ ಅಳತೆಯನ್ನು ಗೊತ್ತುಮಾಡಿತು. ಸ್ಕ್ರೂ ತೂತುಗಳು ಎಲ್ಲಿರಬೇಕು, ವಿದ್ಯುತ್ ಪ್ಲಗ್ ಹೇಗಿರಬೇಕು, ಕೇಬಲ್ ಸಿಕ್ಕಿಸುವ ಕಂಡಿಗಳು ಹಿಂಬದಿಯ ಯಾವ ಮೂಲೆಗೆ ಬರಬೇಕು ಎಂಬುದೆಲ್ಲ ಆಗ ನಿಗದಿಯಾಯಿತು. ತೈವಾನ್ ಕಂಪನಿಯ ಬೋರ್ಡು ಹಾಸನದಲ್ಲಿ ಕೊಂಡ ಕ್ಯಾಬಿನೆಟ್ಟಿಗೆ ಇಂದಿಗೂ ಸರಿಯಾಗಿ ಕೂರುವುದು ಈ ಅಳತೆಯಿಂದಲೇ. ದೊಡ್ಡ ಎಟಿಎಕ್ಸ್ ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಅಗ್ಗದ ಬೋರ್ಡುಗಳೆಲ್ಲ ಹೆಚ್ಚಾಗಿ ‘ಮೈಕ್ರೊ ಎಟಿಎಕ್ಸ್’. ಅವು ಎರಡೂ ಬದಿ 244 ಮಿ.ಮೀ. ಅಥವಾ ಅದಕ್ಕಿಂತ ಕಿರಿದು. ಇಂಟೆಲ್ ತಾನೇ ಡೆಸ್ಕ್‌ಟಾಪ್ ಬೋರ್ಡು ತಯಾರಿಸುವುದನ್ನು ನಿಲ್ಲಿಸುವುದಾಗಿ 2013ರಲ್ಲಿ ಪ್ರಕಟಿಸಿತು. ಈಗ ಅಂಗಡಿಯಲ್ಲಿ ಹೆಚ್ಚಾಗಿ ಕಾಣುವ ಏಸುಸ್, ಗಿಗಾಬೈಟ್, ಎಂಎಸ್‌ಐ, ಎಎಸ್‌ರಾಕ್ ನಾಲ್ಕೂ ತೈವಾನ್‌ನ ಕಂಪನಿಗಳು.

ಅಗ್ಗವಾದರೆ ನಿಧಾನವೇ?

‘ಕಡಿಮೆ ಬೆಲೆಯ ಬೋರ್ಡು ಹಾಕಿದರೆ ಸಿಸ್ಟಮ್ ಸ್ಲೋ ಆಗುತ್ತೆ’ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಆಗ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಮಾಹಿತಿ ಸಾಗಿಸುತ್ತಿದ್ದುದು ಬೋರ್ಡಿನ ಮೇಲಿದ್ದ ‘ನಾರ್ತ್‌ಬ್ರಿಡ್ಜ್’ ಎಂಬ ಚಿಪ್. ಆ ಚಿಪ್ ಮಂದವಾಗಿದ್ದರೆ ಇಡೀ ಯಂತ್ರ ಮಂದವಾಗುತ್ತಿತ್ತು. 2003ರಲ್ಲಿ ಎಎಂಡಿ ಕಂಪನಿ ತನ್ನ ಅಥ್ಲಾನ್ 64 ಪ್ರೊಸೆಸರಿನಲ್ಲಿ ಆ ಕೆಲಸವನ್ನು ಪ್ರೊಸೆಸರಿನೊಳಗೇ ಸೇರಿಸಿತು. 2008ರಲ್ಲಿ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಗ್ರಾಫಿಕ್ಸ್ ಕಾರ್ಡಿನ ಸಂಪರ್ಕವೂ ಮುಂದೆ ಪ್ರೊಸೆಸರಿನೊಳಕ್ಕೇ ಹೋಯಿತು.

ಹಾಗಾಗಿ ಇಂದಿನ ಬೋರ್ಡು ಯಂತ್ರದ ವೇಗವನ್ನು ತೀರ್ಮಾನಿಸುವ ಮಿದುಳಲ್ಲ. ಭಾಗಗಳನ್ನು ಬೆಸೆಯುವ ದಾರಿ ಅದು, ವಿದ್ಯುತ್ ಹಂಚುವ ಮನೆ. ನಾವು ಆರಿಸಿಕೊಂಡದ್ದು ಎಎಂಡಿಯ ರೈಜನ್ 5 5600ಜಿ. 2021ರಲ್ಲಿ ಬಂದ, 6 ಕೋರ್‌ಗಳ, ಗ್ರಾಫಿಕ್ಸನ್ನು ತನ್ನೊಳಗೇ ಇಟ್ಟುಕೊಂಡ, 65 ವ್ಯಾಟಿನ ಪ್ರೊಸೆಸರ್ ಇದು. 5 ಸಾವಿರದ ಎ520 ಬೋರ್ಡಿನಲ್ಲಿ ಇದನ್ನು ಕೂರಿಸಿದರೂ 14 ಸಾವಿರದ ಬಿ550 ಬೋರ್ಡಿನಲ್ಲಿ ಕೂರಿಸಿದರೂ ಕಾಲೇಜಿನ ಪ್ರೋಗ್ರಾಮ್ ಓಡುವ ವೇಗದಲ್ಲಿ ಕಣ್ಣಿಗೆ ಕಾಣುವ ಅಂತರವಿರುವುದಿಲ್ಲ.

ಇನ್ನೂ ಒಂದು ಸಂಗತಿಯಿದೆ. ಬಿ550 ಡಬ್ಬಿಯ ಮೇಲೆ ‘ಪಿಸಿಐಇ 4.0’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಆದರೆ 5600ಜಿ ಪ್ರೊಸೆಸರಿಗೆ ಇರುವುದೇ ಪಿಸಿಐಇ 3.0. ಬೋರ್ಡು ಎಷ್ಟೇ ಅಗಲವಾದ ರಸ್ತೆ ಹಾಸಿಕೊಟ್ಟರೂ ಗಾಡಿ ಓಡುವುದು ಪ್ರೊಸೆಸರ್ ಕೊಡುವ ವೇಗದಲ್ಲೇ. ಕೊಟ್ಟ ದುಡ್ಡಿಗೆ ಆ ಸೌಲಭ್ಯ ನಮಗೆ ದಕ್ಕುತ್ತಲೇ ಇರಲಿಲ್ಲ.

ಬಿಟ್ಟದ್ದು ಏನು?

ಅಗ್ಗದ ಬೋರ್ಡು ಎಂದರೆ ಕಳಪೆ ಬೋರ್ಡು ಎಂದಲ್ಲ, ಕೆಲವನ್ನು ಬಿಟ್ಟು ಕಟ್ಟಿದ ಬೋರ್ಡು ಎಂದು. ಬಿಟ್ಟದ್ದು ನಮಗೆ ಬೇಕೋ ಬೇಡವೋ ಎಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ರ‍್ಯಾಮ್ ಸ್ಲಾಟ್ ನಾಲ್ಕರ ಬದಲು ಎರಡೇ ಇರುತ್ತವೆ. ಅತಿವೇಗದ ಎಸ್‌ಎಸ್‌ಡಿ ಕೂರಿಸುವ ‘ಎಂ.2’ ಸ್ಲಾಟ್ ಸಾಮಾನ್ಯವಾಗಿ ಒಂದೇ. ವೈ-ಫೈ ಇರುವುದಿಲ್ಲ. ಲ್ಯಾನ್ ಸಂಪರ್ಕ 2.5 ಗಿಗಾಬಿಟ್‌ನ ಬದಲು 1 ಗಿಗಾಬಿಟ್. ನಮ್ಮ ಮನೆಗಳಿಗೆ ಬರುವ ಬಹುತೇಕ ಫೈಬರ್ ಸಂಪರ್ಕಗಳು ಅದಕ್ಕಿಂತ ಎಷ್ಟೋ ಕೆಳಗಿರುವುದರಿಂದ ಇದೊಂದು ಕೊರತೆಯೇ ಅಲ್ಲ. ಪ್ರೊಸೆಸರಿನ ವೇಗವನ್ನು ನಿಗದಿಗಿಂತ ಮೇಲಕ್ಕೆ ಏರಿಸುವ ‘ಓವರ್‌ಕ್ಲಾಕಿಂಗ್’ಗೆ ಎ520 ಆಸ್ಪದ ಕೊಡುವುದಿಲ್ಲ. ಓದುವ ಹುಡುಗಿಗೆ ಅದು ಬೇಕೂ ಇಲ್ಲ. ಫ್ಯಾನ್ ಸಿಕ್ಕಿಸುವ ಜಾಗಗಳು ಹೆಚ್ಚೆಂದರೆ ಎರಡು ಮೂರು. ಹಿಂಬದಿಯ ಯುಎಸ್‌ಬಿ ಕಂಡಿಗಳೂ ಕಡಿಮೆ.

ದುಬಾರಿ ಬೋರ್ಡುಗಳಲ್ಲಿ ಕಾಣೆಯಾಗಿದ್ದು ಅಗ್ಗದ ಕೆಲವು ಬೋರ್ಡುಗಳಲ್ಲಿ ಉಳಿದಿರುವುದೂ ಒಂದಿದೆ: ಹಳೆಯ ವಿಜಿಎ ಕಂಡಿ. ಭಾವನ ಮನೆಯಲ್ಲಿ ಚೆನ್ನಾಗಿಯೇ ಇದ್ದ ಹಳೆಯ ಮಾನಿಟರಿಗೆ ಇದ್ದದ್ದು ವಿಜಿಎ ಒಂದೇ. ಆ ನೀಲಿ ಪ್ಲಗ್ ಸಲೀಸಾಗಿ ಕೂತು ಹೊಸ ಮಾನಿಟರಿನ ಖರ್ಚು ಉಳಿಯಿತು.

ಬೋರ್ಡಿನ ಮೇಲೊಂದು ಟಿ.ಸಿ.

ಅಗ್ಗದ ಬೋರ್ಡಿನಲ್ಲಿ ನಿಜಕ್ಕೂ ಎಚ್ಚರ ಬೇಕಾದ ಜಾಗ ಒಂದೇ. ಅದು ಪ್ರೊಸೆಸರಿಗೆ ವಿದ್ಯುತ್ ಕೊಡುವ ‘ವಿಆರ್‌ಎಂ’.

ಹೊಲದ ಬದುವಿನಲ್ಲಿ ನಿಂತ ಟಿ.ಸಿ.ಯನ್ನು ನೆನೆಸಿಕೊಳ್ಳಿ. 11 ಸಾವಿರ ವೋಲ್ಟಿನ ವಿದ್ಯುತ್ತನ್ನು ಪಂಪ್‌ಸೆಟ್ಟಿಗೆ ಹೊಂದುವ ಸುಮಾರು 400 ವೋಲ್ಟಿಗೆ ಇಳಿಸುವುದು ಅದರ ಕೆಲಸ. ಬೋರ್ಡಿನ ಮೇಲೂ ಅಂಥದೇ ಕೆಲಸ ನಡೆಯುತ್ತದೆ. ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ‘ಎಸ್‌ಎಂಪಿಎಸ್’ ಕೊಡುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು 1 ವೋಲ್ಟಿಗಿಂತ ಸ್ವಲ್ಪ ಹೆಚ್ಚು. ಸಾಕೆಟ್ಟಿನ ಎಡಕ್ಕೂ ಮೇಲಕ್ಕೂ ಸಾಲಾಗಿ ಕೂತ ಚೌಕ ಕಾಯಿಲ್‌ಗಳು, ಕಪ್ಪು ಮಾಸ್‌ಫೆಟ್‌ಗಳು, ಪುಟ್ಟ ಡಬ್ಬಿಯಂಥ ಕೆಪಾಸಿಟರ್‌ಗಳು ಸೇರಿ ಆ ಇಳಿಕೆಯನ್ನು ಮಾಡುತ್ತವೆ.

ವೋಲ್ಟ್ ಇಳಿದಂತೆ ಆಂಪಿಯರ್ ಏರುತ್ತದೆ. 65 ವ್ಯಾಟಿನದೆಂದು ಕರೆಯುವ ನಮ್ಮ ಪ್ರೊಸೆಸರ್ ಪೂರ್ತಿ ದುಡಿಯುವಾಗ 88 ವ್ಯಾಟ್‌ವರೆಗೂ ಎಳೆಯಬಲ್ಲದು. 1.1 ವೋಲ್ಟಿನಲ್ಲಿ ಅದು 80 ಆಂಪಿಯರ್ ಆಯಿತು. ಬಚ್ಚಲುಮನೆಯ 2,000 ವ್ಯಾಟಿನ ಗೀಸರ್ ಎಳೆಯುವುದು 9 ಆಂಪಿಯರಿಗೂ ಕಡಿಮೆ. ಹೆಬ್ಬೆರಳ ಗಾತ್ರದ ಬಿಡಿಭಾಗಗಳು ಹೊರುವ ಹೊರೆ ಎಂಥದ್ದೆಂದು ಇದರಿಂದ ತಿಳಿಯುತ್ತದೆ.

ಟಿ.ಸಿ.ಗೆ ಲೆಕ್ಕ ಮೀರಿ ಪಂಪ್‌ಸೆಟ್ ಸಿಕ್ಕಿಸಿದರೆ ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಿಲ್ಲ. ಬೋರ್ಡಿನ ಕಥೆಯೂ ಅದೇ. 65 ವ್ಯಾಟ್ ವರ್ಗದ ಪ್ರೊಸೆಸರಿಗೆ ಅಗ್ಗದ ಬೋರ್ಡಿನ ವಿಆರ್‌ಎಂ ಸಾಕು. ಅದೇ ಬೋರ್ಡಿಗೆ 142 ವ್ಯಾಟ್‌ವರೆಗೆ ಎಳೆಯುವ 16 ಕೋರಿನ ರೈಜನ್ 9 5950ಎಕ್ಸ್ ತಂದು ಕೂರಿಸಿದರೆ ಮಾಸ್‌ಫೆಟ್‌ಗಳು ಕಾಯುತ್ತವೆ. ಬಿಸಿ ಮಿತಿ ಮೀರಿದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಹೀಗೆ ವರ್ಷಗಟ್ಟಲೆ ಕಾಯ್ದ ಬೋರ್ಡಿನ ಆಯುಸ್ಸು ಕುಗ್ಗುತ್ತದೆ. ದುಬಾರಿ ಬೋರ್ಡುಗಳ ವಿಆರ್‌ಎಂ ಮೇಲೆ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂರಿಸಿರುವುದು ಈ ಕಾವನ್ನು ಹೀರಲೆಂದೇ. ಅಗ್ಗದವುಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಮನೆಗಳಲ್ಲಿ ಜೋಡಿಸುವವರು ಕ್ಯಾಬಿನೆಟ್ಟಿನ ಹಿಂಬದಿಗೆ ಒಂದು, ಮುಂಬದಿಗೆ ಒಂದು ಫ್ಯಾನ್ ತಪ್ಪದೆ ಹಾಕಿಸಬೇಕು. ಬೋರ್ಡಿನ ಬೆಲೆಗೆ ಹೋಲಿಸಿದರೆ ಫ್ಯಾನಿನ ಬೆಲೆ ಏನೂ ಅಲ್ಲ.

ಎರಡೇ ಸ್ಲಾಟು

ರ‍್ಯಾಮ್ ವಿಷಯದಲ್ಲಿ ತುಸು ಯೋಚಿಸಬೇಕಾಗುತ್ತದೆ. 16 ಜಿಬಿ ಬೇಕು ಎನ್ನಿ. 16ರ ಒಂದು ಕಡ್ಡಿ ಹಾಕಿದರೆ ಇನ್ನೊಂದು ಸ್ಲಾಟ್ ಮುಂದಕ್ಕೆ ಉಳಿಯುತ್ತದೆ. 8ರ ಎರಡು ಕಡ್ಡಿ ಹಾಕಿದರೆ ಎರಡೂ ತುಂಬಿಹೋಗುತ್ತವೆ, ಆದರೆ ಪ್ರೊಸೆಸರ್ ಎರಡರಿಂದಲೂ ಒಟ್ಟಿಗೆ ಮಾಹಿತಿ ಸೇದುತ್ತದೆ. ಬಾವಿಗೆ ಒಂದು ರಾಟೆಯ ಬದಲು ಎರಡು ರಾಟೆ ಕಟ್ಟಿದ ಹಾಗೆ. 3200 ವೇಗದ ಡಿಡಿಆರ್4 ಕಡ್ಡಿ ಒಂದೇ ಇದ್ದರೆ ಸೆಕೆಂಡಿಗೆ 25.6 ಜಿಬಿ, ಎರಡಿದ್ದರೆ 51.2 ಜಿಬಿ ಸಾಗುವಷ್ಟು ದಾರಿ ತೆರೆಯುತ್ತದೆ.

ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ಇದು ಬಹಳ ಮುಖ್ಯ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ. ಅದು ಇದೇ ರ‍್ಯಾಮಿನಲ್ಲಿ ಪಾಲು ಪಡೆಯುತ್ತದೆ. ಒಂದೇ ಕಡ್ಡಿ ಹಾಕಿದರೆ ಆಟ, ವಿಡಿಯೊ ಎಡಿಟಿಂಗ್ ಎರಡೂ ಸೊರಗುತ್ತವೆ. ಹಾಗಾಗಿ ನಾವು ಎರಡು ಕಡ್ಡಿಯ ದಾರಿ ಹಿಡಿದೆವು. ಅದೂ ಹೊಸದಲ್ಲ. ಭಾವನ ಹಳೆಯ ಕಂಪ್ಯೂಟರಿನಲ್ಲಿ ಇಂಟೆಲ್‌ನ 7ನೇ ತಲೆಮಾರಿನ ಪ್ರೊಸೆಸರ್ ಇತ್ತು. ಮೈಕ್ರೊಸಾಫ್ಟ್ ಒಪ್ಪುವ ವಿಂಡೋಸ್ 11ರ ಪಟ್ಟಿಯಲ್ಲಿ ಅದು ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಆ ಯಂತ್ರ ಮೂಲೆ ಸೇರಿದರೂ ಅದರೊಳಗಿನ 8 ಜಿಬಿಯ ಎರಡು ಡಿಡಿಆರ್4 ಕಡ್ಡಿಗಳು ಗಟ್ಟಿಯಾಗಿದ್ದವು. ವೇಗ 2400 ಮಾತ್ರ, ಆದರೂ ಎರಡೂ ಸೇರಿದರೆ 38.4 ಜಿಬಿಯ ದಾರಿ. ಹೊಸ ಒಂಟಿ ಕಡ್ಡಿಗಿಂತ ಹಳೆಯ ಜೋಡಿಯೇ ಮೇಲು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ಕಡಿದಾಗಿ ಏರಿರುವಾಗ ಮನೆಯ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ.

ಉಳಿಸಬಾರದ ಜಾಗ

ಬೋರ್ಡಿನಲ್ಲಿ ಉಳಿಸಿದ ಹಣದಲ್ಲಿ ಮೊದಲ ಪಾಲು ಎಸ್‌ಎಂಪಿಎಸ್‌ಗೆ ಸಲ್ಲಬೇಕು. ಇದನ್ನು ನಾನು ಕಲಿತದ್ದು ನೋವು ಉಂಡು. ಹಲವು ವರ್ಷಗಳ ಹಿಂದೆ ಜೋಡಿಸಿದ ಯಂತ್ರಕ್ಕೆ ಕ್ಯಾಬಿನೆಟ್ಟಿನ ಜೊತೆಗೇ ಬಂದ ಎಸ್‌ಎಂಪಿಎಸ್ ಹಾಕಿದ್ದೆ. ಮಳೆಗಾಲದ ಒಂದು ರಾತ್ರಿ ಕರೆಂಟ್ ಹೋಗಿ ಬಂದಾಗ ‘ಪಟ್’ ಎಂಬ ಸದ್ದು, ಸುಟ್ಟ ವಾಸನೆ. ಬೋರ್ಡೂ ಹೋಯಿತು, ಹಾರ್ಡ್ ಡಿಸ್ಕೂ ಹೋಯಿತು. ಮಗಳ ಮೊದಲ ವರ್ಷದ ಫೋಟೊಗಳೆಲ್ಲ ಅದರಲ್ಲಿದ್ದವು. ಅವು ಮತ್ತೆ ಸಿಗಲಿಲ್ಲ.

ಎಸ್‌ಎಂಪಿಎಸ್ ಕೊಳ್ಳುವಾಗ ಡಬ್ಬಿಯ ಮೇಲಿನ ದಪ್ಪ ಸಂಖ್ಯೆಯನ್ನು ನಂಬಬೇಡಿ. ಪಕ್ಕದಲ್ಲಿ ಅಂಟಿಸಿದ ಚೀಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ಓದಿ, 12ರಿಂದ ಗುಣಿಸಿ. ಮೇಲೆ 450 ವ್ಯಾಟ್ ಎಂದಿದ್ದು ಚೀಟಿಯಲ್ಲಿ 16 ಆಂಪಿಯರ್ ಎಂದಿದ್ದರೆ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಿಗುವುದು 192 ವ್ಯಾಟ್ ಅಷ್ಟೆ. ‘80 ಪ್ಲಸ್’ ಗುರುತಿರುವ, ಮೂರು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ ಇರುವ ಎಸ್‌ಎಂಪಿಎಸ್ ಕೊಳ್ಳಿ. ಮನೆಯ ಪ್ಲಗ್‌ಗೆ ಅರ್ಥಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಕರೆಂಟ್ ಹೋಗಿ ಬರುವ ಊರಾದರೆ ಯುಪಿಎಸ್ ಇಲ್ಲದೆ ಕಂಪ್ಯೂಟರ್ ಇಡಬೇಡಿ.

ಎರಡನೆಯ ಪಾಲು ಎಸ್‌ಎಸ್‌ಡಿಗೆ. ಹಳೆಯ ಮಾದರಿಯ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಎ520ರ ಎಂ.2 ಸ್ಲಾಟಿಗೆ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿ 3,000 ಎಂಬಿ ದಾಟಬಲ್ಲದು. ಅದು 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಒಂದು ಪಟ್ಟಿ, ಒಂದೇ ಸ್ಕ್ರೂ, ಕೇಬಲ್ ಬೇಕಿಲ್ಲ.

ಅಂಗಡಿ ಬಿಡುವ ಮುಂಚೆ

ಎಎಂಡಿಯ ಎಎಂ4 ಸಾಕೆಟ್ ಬಂದದ್ದು 2016ರಲ್ಲಿ. 2024ರಲ್ಲೂ ಅದಕ್ಕೆ ಹೊಸ ಪ್ರೊಸೆಸರ್‌ಗಳು ಬಂದವು. ಒಂದೇ ಸಾಕೆಟ್ ಇಷ್ಟು ಕಾಲ ನಡೆದುಬಂದದ್ದು ಕೊಳ್ಳುವವರಿಗೆ ದೊಡ್ಡ ಲಾಭ. ಆದರೆ ಒಂದು ತೊಡಕಿದೆ. ಎ520 ಬೋರ್ಡುಗಳು ಬಂದದ್ದು 2020ರ ಆಗಸ್ಟಿನಲ್ಲಿ, 5600ಜಿ ಬಂದದ್ದು ಮರುವರ್ಷ. ಕಪಾಟಿನಲ್ಲಿ ಉಳಿದ ಹಳೆಯ ಸ್ಟಾಕಿನ ಬೋರ್ಡಾದರೆ ಅದರ ಮೂಲ ತಂತ್ರಾಂಶವಾದ ‘ಬಯಾಸ್’ಗೆ ಈ ಪ್ರೊಸೆಸರಿನ ಗುರುತೇ ಇರುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು. ಹಾಗಾಗಿ ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ಅಂಗಡಿಯಲ್ಲೇ ಕೇಳಿ, ಆಗಿಲ್ಲದಿದ್ದರೆ ಅಲ್ಲೇ ಮಾಡಿಸಿ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಪಡೆಯದೆ ಹೊರಡಬೇಡಿ.

ರ‍್ಯಾಮನ್ನೂ ಹೊಸದಾಗಿ ಕೊಳ್ಳಬೇಕಾದವರು 2022ರಲ್ಲಿ ಬಂದ ಎಎಂ5 ಸಾಕೆಟ್ಟನ್ನೂ ನೋಡಬೇಕು. ಅದರ ಅಗ್ಗದ ಬೋರ್ಡು ಎ620. ಅದಕ್ಕೆ ಕೂರುವುದು ಡಿಡಿಆರ್5 ಮಾತ್ರ. ಇಂಟೆಲ್ ಕಡೆ ಎಚ್610 ಬೋರ್ಡು 12, 13, 14ನೇ ತಲೆಮಾರಿನ ಪ್ರೊಸೆಸರ್‌ಗಳಿಗೆ ಹೊಂದುತ್ತದೆ. ಅದರಲ್ಲಿ ಡಿಡಿಆರ್4ರದೇ ಬೇರೆ, ಡಿಡಿಆರ್5ರದೇ ಬೇರೆ. ಎರಡರ ಕಚ್ಚೂ ಬೇರೆ ಬೇರೆ ಜಾಗದಲ್ಲಿರುವುದರಿಂದ ಒಂದರಲ್ಲಿ ಇನ್ನೊಂದು ಕೂರುವುದಿಲ್ಲ.

ಊಟದ ಮೇಜಿನ ಮೇಲೆ

ಹಾಸನದ ಮನೆಯ ಊಟದ ಮೇಜನ್ನು ಒರೆಸಿ, ಬೋರ್ಡಿನ ರಟ್ಟಿನ ಡಬ್ಬಿಯನ್ನೇ ಮಣೆಯಂತೆ ಇಟ್ಟು, ಅದರ ಮೇಲೆ ಬೋರ್ಡನ್ನು ಮಲಗಿಸಿದೆವು. ಅದು ಸುತ್ತಿಬಂದ ಬೆಳ್ಳಿಬಣ್ಣದ ಚೀಲದ ಮೇಲೆ ಇಟ್ಟು ಕರೆಂಟ್ ಕೊಡಬಾರದು, ಚೀಲದ ಹೊರಮೈಯಲ್ಲೂ ವಿದ್ಯುತ್ ಹರಿಯಬಲ್ಲದು. ಪ್ರೊಸೆಸರಿನ ಮೂಲೆಯಲ್ಲಿ ಚಿನ್ನದ ಬಣ್ಣದ ಪುಟ್ಟ ತ್ರಿಕೋನ, ಸಾಕೆಟ್ಟಿನ ಮೂಲೆಯಲ್ಲೂ ತ್ರಿಕೋನ. ಎರಡನ್ನೂ ಹೊಂದಿಸಿ, ಸನ್ನೆಕಡ್ಡಿ ಎತ್ತಿ, ಒತ್ತದೆ ಬಿಟ್ಟರೆ ಸಾಕು, 1,331 ಪಿನ್‌ಗಳೂ ತಮ್ಮ ತೂತುಗಳಿಗೆ ತಾವೇ ಇಳಿಯುತ್ತವೆ. ಅವಳು ಉಸಿರು ಬಿಗಿಹಿಡಿದು ಬಿಟ್ಟಳು. ಅದು ಕೂತಿತು.

ಕೂಲರಿನ ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆವು. ಒಂದೇ ಕಡೆ ಪೂರ್ತಿ ಬಿಗಿದರೆ ಥರ್ಮಲ್ ಪೇಸ್ಟ್ ಇನ್ನೊಂದು ಕಡೆಗೆ ಜರುಗುತ್ತದೆ. ರ‍್ಯಾಮ್ ಕಡ್ಡಿಗಳು ‘ಟಕ್’ ಎಂದು ಕಚ್ಚಿಕೊಂಡವು. ಕ್ಯಾಬಿನೆಟ್ಟಿಗೆ ಇಳಿಸುವ ಮುನ್ನವೇ ವಿದ್ಯುತ್ ಕೊಟ್ಟು ಪರದೆ ಬರುತ್ತದೆಂದು ಖಚಿತಪಡಿಸಿಕೊಂಡೆವು. ತಪ್ಪಿದ್ದರೆ ಹುಡುಕುವುದು ಆಗಲೇ ಸುಲಭ.

ಅಗ್ಗದ ಬೋರ್ಡಿನ ಅಗಲ ಕಡಿಮೆ ಇರುವುದರಿಂದ ಬಲಗಡೆಯ ಅಂಚಿಗೆ ಕೆಳಗಿನಿಂದ ಆಸರೆಯ ಸ್ಕ್ರೂ ಇರುವುದಿಲ್ಲ. 24 ಪಿನ್ನಿನ ದೊಡ್ಡ ಪ್ಲಗ್ ಕೂರುವುದೋ ಅದೇ ಅಂಚಿನಲ್ಲಿ. ಒಂದೇ ಕೈಯಲ್ಲಿ ಒತ್ತಿದರೆ ಬೋರ್ಡು ಬಾಗುತ್ತದೆ, ಒಳಗಿನ ತಾಮ್ರದ ಗೆರೆ ಬಿರಿಯುವ ಅಪಾಯವಿದೆ. ಅವಳು ಎರಡು ಬೆರಳನ್ನು ಬೋರ್ಡಿನ ಅಡಿಗೆ ಆನಿಸಿ ಹಿಡಿದಳು, ನಾನು ಮೇಲಿನಿಂದ ಪ್ಲಗ್ ಒತ್ತಿದೆ. ಕೊನೆಯಲ್ಲಿ ಉಳಿದದ್ದು ಕ್ಯಾಬಿನೆಟ್ಟಿನ ಮುಂಬದಿಯಿಂದ ಬಂದ ಸಣ್ಣ ವೈರುಗಳು. ಪವರ್ ಸ್ವಿಚ್ಚಿಗೆ ಪ್ಲಸ್ ಮೈನಸ್ ಭೇದವಿಲ್ಲ, ಎಲ್‌ಇಡಿಗೆ ಇದೆ. ಮೊಬೈಲಿನ ಟಾರ್ಚ್ ಹಿಡಿದು, ಬೋರ್ಡಿನ ಪುಸ್ತಕದ ಚಿತ್ರ ನೋಡಿಕೊಂಡು ಅವಳೇ ಒಂದೊಂದಾಗಿ ಸಿಕ್ಕಿಸಿದಳು.

ಸಂಜೆಯ ಹೊತ್ತಿಗೆ ಬಯಾಸ್ ಪರದೆಯಲ್ಲಿ 16 ಜಿಬಿ, ಡ್ಯುಯಲ್ ಚಾನೆಲ್ ಎಂದು ಕಂಡಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಸೌಲಭ್ಯ ಪ್ರೊಸೆಸರಿನೊಳಗೇ ಇದೆ. ವಿಂಡೋಸ್ ಬೇಡವೆನ್ನುವವರಿಗೆ ಲಿನಕ್ಸ್ ಯಾವ ತಕರಾರೂ ಇಲ್ಲದೆ ಕೂರುತ್ತದೆ.

ಅವಳ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಆ 9 ಸಾವಿರ ಹೆಚ್ಚು ಸ್ಲಾಟುಗಳಿಗೆ, ಹೆಚ್ಚು ವ್ಯಾಟ್ ಎಳೆಯುವ ಪ್ರೊಸೆಸರನ್ನು ಹೊರುವ ಶಕ್ತಿಗೆ, ಓವರ್‌ಕ್ಲಾಕಿಂಗಿಗೆ. ಓದು, ಬರಹ, ಪ್ರೋಗ್ರಾಮಿಂಗ್, ಮನೆಯ ಲೆಕ್ಕಪತ್ರ ಇವಕ್ಕೆ 65 ವ್ಯಾಟಿನ ಪ್ರೊಸೆಸರೂ ಅದಕ್ಕೆ ಹೊಂದುವ ಅಗ್ಗದ ಬೋರ್ಡೂ ಧಾರಾಳ ಸಾಕು. ಉಳಿದ ದುಡ್ಡನ್ನು ಒಳ್ಳೆಯ ಎಸ್‌ಎಂಪಿಎಸ್, ಎಸ್‌ಎಸ್‌ಡಿ ಮತ್ತು ಯುಪಿಎಸ್‌ಗೆ ಹಾಕಿ. ಜೋಡಿಸುವಾಗ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಸ್ಕ್ರೂಡ್ರೈವರನ್ನು ಅವರ ಕೈಗೇ ಕೊಡಿ. ತಾವೇ ಬಿಚ್ಚಿ ಕೂಡಿಸಿದ ಯಂತ್ರ ಕೆಟ್ಟು ನಿಂತ ದಿನ ಎಲ್ಲಿ ನೋಡಬೇಕೆಂಬುದು ಅವರಿಗೆ ಗೊತ್ತಿರುತ್ತದೆ.